ಒಳಗೆ ಬಿಟ್ಟ ಬಟ್ಟೆ

ಟೈಲರಮ್ಮ ಯಾರ ಬಟ್ಟೆ ಹೊಲಿದರೂ ಒಳಗೆ ಒಂದೂವರೆ ಇಂಚು ಬಿಟ್ಟೇ ಹೊಲಿಯುವವಳು. ಗಿರಾಕಿ ಕೇಳುವುದಿಲ್ಲ, ಇವಳೂ ಹೇಳುವುದಿಲ್ಲ. ಎರಡು ವರ್ಷ ಕಳೆದ ಮೇಲೆ ಅದೇ ಗಿರಾಕಿ ಹೊಟ್ಟೆ ಮುಂದೆ ಮಾಡಿಕೊಂಡು ಬಂದು, "ಈ ಪ್ಯಾಂಟು ಇನ್ನು ನನಗಾಗಲ್ಲ, ಮೇಜು ಒರೆಸೋಕೆ ಇಟ್ಕೊಳ್ಳಿ" ಎಂದು ಎಸೆದರೆ, ಅವಳು ಹೊಲಿಗೆ ಬಿಚ್ಚಿ, ಮಡಿಕೆ ಬಿಡಿಸಿ, ಇಸ್ತ್ರಿ ಹಾಕಿ ಸಂಜೆಯೊಳಗೆ ಕೊಡುತ್ತಾಳೆ. ಗಿರಾಕಿ ಕಣ್ಣು ಕಣ್ಣು ಬಿಡುತ್ತಾನೆ. "ಬಟ್ಟೆ ಎಲ್ಲಿಂದ ಬಂತು?" ಎಂದರೆ, "ನಿಮ್ಮದೇ, ಒಳಗೇ ಇತ್ತು" ಎನ್ನುತ್ತಾಳೆ. ಅವಳ ಕಸುಬಿನಲ್ಲಿ ಅವಳಿಗೆ ತುಂಬಾ ಇಷ್ಟವಾದ ಗಳಿಗೆ ಅದು.

ಗಂಡನದು ಇದಕ್ಕೆ ತದ್ವಿರುದ್ಧ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿ ಇಪ್ಪತ್ತೊಂಬತ್ತು ವರ್ಷ ಅಂಗಡಿಯಿಂದ ಅಂಗಡಿಗೆ ತಿರುಗಿ ತಕ್ಕಡಿ ಪರೀಕ್ಷಿಸಿದ ಮನುಷ್ಯ. ಪೇಟೆಯವರು ಅವರಿಗಿಟ್ಟ ಹೆಸರು ತಕ್ಕಡಿ ಸಾಹೇಬರು. ಸಾಹೇಬರು ಬೀದಿಯ ಈ ತುದಿಯಲ್ಲಿ ಕಂಡರೆ ಸಾಕು, ಆ ತುದಿಯ ಅಂಗಡಿಯವನು ತಟ್ಟೆಯ ಕೆಳಗೆ ಅಂಟಿಸಿದ್ದ ಮೇಣ ಕೀಳುತ್ತಿದ್ದನಂತೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಮನೆಯಲ್ಲೂ ಅದೇ ಬುದ್ಧಿ. ಹಾಲಿನವನು ಅಳೆದುಕೊಟ್ಟ ಹಾಲನ್ನು ಇವರು ಅವನ ಎದುರೇ ಮತ್ತೆ ಅಳೆಯುತ್ತಿದ್ದರು. ಎಲ್ಲದಕ್ಕೂ ಸ್ವಲ್ಪ ಬಿಟ್ಟು ನಡೆಯುವ ಹೆಂಡತಿ, ಯಾವುದಕ್ಕೂ ಕೂದಲೆಳೆಯಷ್ಟೂ ಬಿಡದ ಗಂಡ. ಸಂಸಾರ ಅಷ್ಟು ವರ್ಷ ಹೇಗೆ ನಡೆಯಿತು ಎಂದು ನಡೆಸಿದವರಿಗೂ ಗೊತ್ತಿಲ್ಲ.

ಇಂಥವರಿಗೆ ಒಂದು ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿರುವಾಗ ಲಕ್ವ ಹೊಡೆಯಿತು. ಎರಡು ವಾರ ಆಸ್ಪತ್ರೆ. ತಿಂಗಳೊಳಗೆ ಕಾಲು ಬಂತು, ಇನ್ನೊಂದು ತಿಂಗಳಿಗೆ ತೊದಲುತ್ತಿದ್ದ ನಾಲಿಗೆ ನೆಟ್ಟಗಾಯಿತು. ಬಲಗೈ ಮಾತ್ರ ಮುನಿಸಿಕೊಂಡಂತೆ ಹಿಂದೆ ಉಳಿಯಿತು. ತೋಳು ಎತ್ತಬಹುದಿತ್ತು, ಆದರೆ ಹೆಬ್ಬೆರಳು ತೋರುಬೆರಳು ಒಂದನ್ನೊಂದು ಮುಟ್ಟುತ್ತಿರಲಿಲ್ಲ.

ಅವರ ಕೆಲಸವೆಲ್ಲ ಇದ್ದದ್ದು ಆ ಎರಡು ಬೆರಳಲ್ಲೇ. ಅಂಗಡಿಯ ತಕ್ಕಡಿಗಳನ್ನು ಪರೀಕ್ಷಿಸುವ ಇಲಾಖೆಯ ಸಣ್ಣ ತೂಕದ ಬಿಲ್ಲೆಗಳನ್ನು ಕೈಯಲ್ಲಿ ಮುಟ್ಟುವ ಹಾಗಿಲ್ಲ. ಬೆವರು ತಾಗಿದರೆ ತೂಕ ಹೆಚ್ಚುತ್ತದೆ. ಚಿಮಟದಲ್ಲಿ ಹಿಡಿದು ಇಡಬೇಕು. ಇಲಾಖೆ ಆರು ತಿಂಗಳ ರಜೆ ಕೊಟ್ಟು ಒಂದು ಕಾಗದ ಕಳಿಸಿತ್ತು. ರಜೆ ಮುಗಿದ ದಿನ ಮೇಲಧಿಕಾರಿಯ ಎದುರು ಇಪ್ಪತ್ತು ಬಿಲ್ಲೆಗಳನ್ನು ಪೆಟ್ಟಿಗೆಯಿಂದ ತಟ್ಟೆಗೆ ಇಟ್ಟು ತೋರಿಸಬೇಕು. ಎರಡರವರೆಗೆ ಬಿದ್ದರೆ ಪರವಾಗಿಲ್ಲ. ಹೆಚ್ಚು ಬಿದ್ದರೆ ಪೇಟೆಯ ಕೆಲಸ ಇಲ್ಲ, ಕಡತದ ಕೋಣೆಯಲ್ಲಿ ಒಂದು ಕುರ್ಚಿ.

"ಕಡತ ಕಾಯೋದಕ್ಕಿಂತ ಮನೆ ಕಾಯ್ತೀನಿ," ಎಂದರು ಸಾಹೇಬರು.

ವಾರಕ್ಕೆರಡು ದಿನ ವ್ಯಾಯಾಮದ ಡಾಕ್ಟರಮ್ಮ ಮನೆಗೆ ಬರುತ್ತಿದ್ದರು. ಐವತ್ತರ ಹೆಂಗಸು, ಗಟ್ಟಿ ಕೈ, ಗಟ್ಟಿ ದನಿ. ಒಂದು ಬಟ್ಟಲಿಂದ ಇನ್ನೊಂದು ಬಟ್ಟಲಿಗೆ ಬಟಾಣಿ ಕಾಳು ಹಾಕಿ ಎಂದರು, ದಿನಕ್ಕೆ ಇನ್ನೂರು ಸಲ. ಸಾಹೇಬರು ಮೊದಲ ದಿನ ಮೂರು ಕಾಳು ಹಾಕಿದರು, ಎರಡನೆಯ ದಿನ ಬಟ್ಟಲನ್ನು ಪಕ್ಕಕ್ಕೆ ತಳ್ಳಿದರು.

"ಟನ್ನುಗಟ್ಟಲೆ ತೂಗೋ ಲಾರಿ ಕಾಟಾನೇ ಪರೀಕ್ಷೆ ಮಾಡಿದೋನು ನಾನು. ಈಗ ಬಟಾಣಿ ಎಣಿಸ್ಲಾ?"

"ಮೊದಲ ಆರು ತಿಂಗಳು ಬೆರಳಿಗೆ ಬಹಳ ಮುಖ್ಯ ಸರ್," ಎಂದರು ಡಾಕ್ಟರಮ್ಮ. "ಆಮೇಲೆ ನೀವು ಮಾಡ್ತೀನಿ ಅಂದ್ರೂ ಅದು ನಿಧಾನಕ್ಕೆ ಬರುತ್ತೆ."

ಸಾಹೇಬರು ಕಿಟಕಿಯ ಕಡೆ ಮುಖ ತಿರುಗಿಸಿದರು. ಅದೇ ವಾರ ಹಾಲಿನವನು ಕಣ್ಣಿಗೆ ಕಾಣುವಷ್ಟು ಕಡಿಮೆ ಸುರಿದು ಹೋದ. ಅವರು ನೋಡಿದರು, ನೋಡಿ ಸುಮ್ಮನಾದರು. ಟೈಲರಮ್ಮ ಅದನ್ನು ಒಳಗಿನಿಂದ ನೋಡಿದಳು. ಬೆರಳು ಬರದಿದ್ದರೆ ಹೇಗೋ ಸಂಭಾಳಿಸಬಹುದು, ಈ ಸುಮ್ಮನಿರುವ ಗಂಡಸನ್ನು ಇಟ್ಟುಕೊಂಡು ಏನು ಮಾಡುವುದು ಎಂದು ಅವಳಿಗೆ ತಿಳಿಯಲಿಲ್ಲ. ಮೂರು ತಿಂಗಳು ಕಳೆದುಹೋಗಿತ್ತು, ಮೂರು ಉಳಿದಿತ್ತು.

ದಾರಿ ತೋರಿಸಿದವಳು ಅವಳ ಅಕ್ಕ. ಅಕ್ಕನಿಗೆ ಮನೆಯವರೆಲ್ಲ ರೇಡಿಯೋ ಎನ್ನುತ್ತಿದ್ದರು; ಆರಿಸುವ ಗುಂಡಿ ಇಲ್ಲದ ರೇಡಿಯೋ. ನಗರಸಭೆಯಲ್ಲಿ ಗುಮಾಸ್ತೆ. ಒಂದು ಮಧ್ಯಾಹ್ನ ಲಂಗದ ಅಂಚು ಹೊಲಿಸಲು ಬಂದು, ಯಂತ್ರದ ಪಕ್ಕ ಕೂತು ಸುದ್ದಿ ಬಿತ್ತರಿಸತೊಡಗಿದಳು.

"ನಮ್ಮ ಆಫೀಸಿನ ತೋಟದ ಮಾಲಿ ಇದ್ದಾನಲ್ಲ, ಅವನು ಎಐ ಹತ್ರ ಮಾತಾಡಿ ಮಾತಾಡಿ ಒಂದು ವೀಡಿಯೋ ಗೇಮ್ ಮಾಡಿದ್ದಾನೆ ಕಣೇ. ಗಿಡಕ್ಕೆ ನೀರು ಹಾಕೋ ಆಟ. ಓದಿರೋದು ಏಳನೇ ಕ್ಲಾಸು."

"ಮಾತಾಡಿದ್ರೆ ಆಟ ಆಗುತ್ತಾ?"

"ನೀನು ಹೀಗೆ ಬೇಕು ಹಾಗೆ ಬೇಕು ಅನ್ನು, ಅದು ಬರೆಯುತ್ತೆ. ಗಿರಾಕಿ ಹೇಳಿದ ಹಾಗೆ ನೀನು ಹೊಲೀತೀಯಲ್ಲ, ಹಾಗೆ. ಇಲ್ಲಿ ಗಿರಾಕಿ ನೀನು."

ಅಕ್ಕ ಹೇಳಿದ್ದರಲ್ಲಿ ಅರ್ಧ ತೆಗೆದು ನಂಬಬೇಕು ಎಂದು ಟೈಲರಮ್ಮ ಚಿಕ್ಕಂದಿನಿಂದ ಕಲಿತಿದ್ದಳು. ಆದರೂ ಆ ಅರ್ಧವೇ ಅವಳ ತಲೆಯಲ್ಲಿ ಕೂತಿತು. ಬಟಾಣಿ ಮುಟ್ಟದ ಮನುಷ್ಯ ತಕ್ಕಡಿ ಮುಟ್ಟದೆ ಇರುತ್ತಾರೆಯೇ?

ಅಕ್ಕ ತನ್ನ ಹಳೆಯ ಟ್ಯಾಬನ್ನೂ ಕೊಟ್ಟು, ಅದರೊಡನೆ ಮಾತಾಡುವುದು ಹೇಗೆಂದೂ ತೋರಿಸಿ ಹೋದಳು. ಗಂಡ ಊಟ ಮಾಡಿ ಮಲಗುವ ಹೊತ್ತಿನಲ್ಲಿ ಟೈಲರಮ್ಮ ಅಂಗಡಿಯ ಬಾಗಿಲು ಮುಚ್ಚಿ, ಟ್ಯಾಬನ್ನು ಕತ್ತರಿಯ ಪಕ್ಕ ಇಟ್ಟು, ಗಿರಾಕಿಗೆ ಹೇಳುವ ದನಿಯಲ್ಲೇ ಹೇಳಿದಳು. "ನೋಡಪ್ಪ, ಒಂದು ಪೇಟೆ ಬೀದಿ ಬೇಕು. ಐದು ಅಂಗಡಿ. ಎಲ್ಲಾ ಅಂಗಡೀಲೂ ತಕ್ಕಡಿ. ಎರಡು ಬೆರಳಲ್ಲಿ ತೂಕದ ಕಲ್ಲು ಹಿಡಿದು ತಟ್ಟೆಗೆ ಇಡಬೇಕು. ನಡುವೆ ಬೆರಳು ಬಿಟ್ರೆ ಕಲ್ಲು ಬಿದ್ದುಹೋಗಬೇಕು. ಮೋಸದ ಅಂಗಡಿಯವನನ್ನ ಹಿಡಿಯೋದು ಆಟ."

ಅದು ಪಾಠಪುಸ್ತಕದ ಭಾಷೆಯಲ್ಲಿ ಉತ್ತರ ಕೊಟ್ಟಿತು. ಖಂಡಿತವಾಗಿ ಮಾಡೋಣ, ಆಡುವವರ ಬಗ್ಗೆ ಸ್ವಲ್ಪ ತಿಳಿಸುವಿರಾ ಎಂದು ಕೇಳಿತು. ಇಷ್ಟು ಮರ್ಯಾದೆ ಕೊಟ್ಟು ಮಾತಾಡುವವರು ನಾಳೆಯೇ ಬಟ್ಟೆ ಬೇಕು ಎನ್ನುವ ಗಿರಾಕಿಗಳು ಮಾತ್ರ ಎಂದುಕೊಂಡು ಅವಳಿಗೆ ನಗು ಬಂತು. ನಕ್ಕ ಮೇಲೆ ಹೇಳುತ್ತಾ ಹೋದಳು. ಲಕ್ವ, ಬಲಗೈ, ಎರಡು ಬೆರಳು, ಬಟಾಣಿ, ಕಿಟಕಿ. ಮೂರು ತಿಂಗಳಲ್ಲಿ ಯಾರಿಗೂ ಅಷ್ಟು ಹೇಳಿರಲಿಲ್ಲ. ಹೇಳಿ ಮುಗಿಸಿದಾಗ ಎದೆ ಸ್ವಲ್ಪ ಹಗುರಾಗಿತ್ತು, ಅದಕ್ಕಾಗಿ ಅವಳು ಆ ಯಂತ್ರಕ್ಕೆ ಮೊದಲ ಸಲ ಥ್ಯಾಂಕ್ಸ್ ಎಂದಳು. ಆಮೇಲೆ ಅದು ರೂಢಿಯಾಯಿತು. ಅಕ್ಕ ಆಡಿಕೊಂಡು ನಕ್ಕರೆ, "ಹೊಲಿಗೆ ಯಂತ್ರಕ್ಕೆ ದಿನಾ ಎಣ್ಣೆ ಬಿಡಲ್ವಾ? ಇದಕ್ಕೆ ಬಿಡೋಕೆ ಎಣ್ಣೆ ಇಲ್ಲ, ಅದಕ್ಕೆ ಒಂದು ಮಾತು" ಎಂದಳು.

ಮೊದಲ ಆಟದಲ್ಲಿ ತೂಕದ ಕಲ್ಲುಗಳು ಕೈ ಬಿಟ್ಟ ಕೂಡಲೇ ಬಲೂನಿನಂತೆ ಮೇಲಕ್ಕೆ ಹಾರಿದವು. ಎರಡನೆಯದರಲ್ಲಿ ಭಾರ ಇಟ್ಟ ತಟ್ಟೆ ಮೇಲೇರಿತು. ತಕ್ಕಡಿ ಸಾಹೇಬರ ಹೆಂಡತಿ ಅದನ್ನು ಒಪ್ಪುತ್ತಾಳೆಯೇ? "ಮಾನ ತೆಗೀಬೇಡಪ್ಪ, ಬಿಚ್ಚು ಇದನ್ನ" ಎಂದಳು. ಅದು ತಪ್ಪಾಯಿತೆಂದು ಹೇಳಿ ಬಿಚ್ಚಿ ಮತ್ತೆ ಬರೆಯಿತು. ಆಲ್ಟರೇಷನ್ ಎಂದರೆ ಮುಖ ಗಂಟಿಕ್ಕುವ ದರ್ಜಿಗಳನ್ನು ಅವಳು ಬಹಳ ಕಂಡಿದ್ದಳು. ಹನ್ನೊಂದು ಸಲ ಬಿಚ್ಚಿಸಿದರೂ ಇದು ಒಮ್ಮೆಯೂ ಗೊಣಗಲಿಲ್ಲ.

ಆಟ ಒಂದು ರೂಪಕ್ಕೆ ಬಂದ ಮೇಲೆ ಅವಳು ತನ್ನ ಬಲಗೈಯ ಬೆರಳುಗಳಿಗೆ ದಪ್ಪ ಬಟ್ಟೆ ಸುತ್ತಿ, ದಾರ ಕಟ್ಟಿ, ಅವರ ಕೈ ಇದ್ದ ಹಾಗೆ ಮಾಡಿಕೊಂಡು ಆಡಿ ನೋಡಿದಳು. ಇಪ್ಪತ್ತಕ್ಕೆ ಇಪ್ಪತ್ತೂ ತಟ್ಟೆಯ ಆಚೆ ಬಿದ್ದವು. ಹೀಗಾದರೆ ಅವರು ಮೊದಲ ದಿನವೇ ಟ್ಯಾಬನ್ನು ಬಟಾಣಿಯ ದಾರಿಗೆ ಕಳಿಸುತ್ತಾರೆ ಎಂದು ಅವಳಿಗೆ ಖಾತ್ರಿಯಾಯಿತು.

ಆಗ ಅವಳು ತನಗೆ ಗೊತ್ತಿದ್ದ ಕೆಲಸ ಮಾಡಿದಳು. "ತಟ್ಟೆ ನೋಡೋಕೆ ಇಷ್ಟೇ ಇರಲಿ. ಆದ್ರೆ ಒಳಗೆ ಸ್ವಲ್ಪ ಬಿಡು. ಒಂದು ಬೆರಳು ಆಚೆ ಬಿದ್ರೂ ತಟ್ಟೇಲೇ ಬಿತ್ತು ಅನ್ನು. ಅದೂ ತಪ್ಪಿದ್ರೆ ಇನ್ನೊಂದು ಬೆರಳು, ತಪ್ಪಿದಷ್ಟೂ ಹಾಗೇ ಬಿಡ್ತಾ ಹೋಗು."

ಸರಿಯಾಗಿ ಇಡಲು ಶುರು ಮಾಡಿದ ಮೇಲೆ ಈ ಸಡಿಲಿಕೆಯನ್ನು ಕಡಿಮೆ ಮಾಡಲೇ ಎಂದು ಅದು ಕೇಳಿತು.

"ಬೇಡ. ಸಣ್ಣ ಆದ್ರು ಅಂತ ಹಿಡಿದು ಹೊಲಿದ್ರೆ ಮತ್ತೆ ದಪ್ಪ ಆಗ್ತಾರೆ."

ಹೀಗೊಂದು ಸಡಿಲಿಕೆ ಇದೆಯೆಂದು ಆಡುವವರಿಗೆ ತಿಳಿಸುವುದು ಒಳ್ಳೆಯದು, ಪರದೆಯ ಮೇಲೆ ಬರೆಯಲೇ ಎಂದು ಮತ್ತೆ ಕೇಳಿತು.

"ಒಳಗೆ ಬಿಟ್ಟ ಬಟ್ಟೇನ ಯಾರಾದ್ರೂ ಹೊರಗೆ ತೋರಿಸ್ತಾರೇನಪ್ಪ?" ಎಂದಳು ಟೈಲರಮ್ಮ. ಇಪ್ಪತ್ತೊಂಬತ್ತು ವರ್ಷ ತೂಕದ ಮೋಸ ಹಿಡಿದ ಮನುಷ್ಯನಿಗೆ ತಾನು ಕಳ್ಳ ತಕ್ಕಡಿ ಮಾಡಿಕೊಡುತ್ತಿದ್ದೇನೆ ಎಂಬುದು ಅವಳ ತಲೆಗೆ ಹೊಳೆಯಲೇ ಇಲ್ಲ. ಒಳ್ಳೆಯ ಹೊಲಿಗೆ ಹೊಲಿದೆ ಎಂದೇ ಅವಳು ತಿಳಿದಳು. ಇನ್ನೊಂದು ಮಾತು ಮಾತ್ರ ಸೇರಿಸಿದಳು: ಡಾಕ್ಟರಮ್ಮ ಲೆಕ್ಕ ಕೇಳುತ್ತಾರೆ, ಆದ್ದರಿಂದ ಪ್ರತಿ ಸಲ ಬೆರಳು ನಿಜವಾಗಿ ಎಲ್ಲಿ ಬಿಟ್ಟಿತು ಎಂಬುದನ್ನು ಗುರುತು ಹಾಕಿಡು.

ಟ್ಯಾಬನ್ನು ಸಾಹೇಬರ ತೊಡೆಯ ಮೇಲಿಟ್ಟಾಗ ಅವರು ಮೊದಲು ನೋಡಿದ್ದು ಅಂಗಡಿಯವನ ಕೈಯನ್ನು.

"ಇವನಿಗೆ ಆರು ಬೆರಳು."

ಚಿತ್ರ ಬರೆಯುವಾಗ ಯಂತ್ರ ಎಡವಿತ್ತು, ಅವಳು ಗಮನಿಸಿರಲಿಲ್ಲ. "ತಿದ್ದಿಸ್ತೀನಿ ಕೊಡಿ," ಎಂದಳು.

"ಇರಲಿ ಬಿಡು. ತಟ್ಟೆ ಒತ್ತೋಕೆ ಒಂದು ಬೆರಳು ಎಕ್ಸ್‌ಟ್ರಾ ಇಟ್ಕೊಂಡಿದ್ದಾನೆ ಕಳ್ಳ." ಮೂರು ತಿಂಗಳಲ್ಲಿ ಅವರು ಆಡಿದ ಮೊದಲ ತಮಾಷೆಯ ಮಾತು ಅದು. ಅವಳು ಒಳಗೆ ಹೋಗಿ ಅಡುಗೆಮನೆಯ ಗೋಡೆಗೆ ಒರಗಿ ನಿಂತಳು. ಅಕ್ಕನಿಗೆ, ಅಕ್ಕನ ಆಫೀಸಿನ ಮಾಲಿಗೆ, ಎಲ್ಲೋ ಕೂತು ಈ ಮಾತಾಡುವ ಯಂತ್ರವನ್ನು ಮಾಡಿದವರಿಗೆ, ಅವರ ಮನೆಯವರಿಗೆ, ಎಲ್ಲರಿಗೂ ಒಳ್ಳೆಯದಾಗಲಿ ಎಂದುಕೊಂಡಳು.

ಐದು ವಾರ ಆಟ ನಡೆಯಿತು. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಸಾಹೇಬರು ಹಲ್ಲು ಕಚ್ಚಿ, ಕಣ್ಣನ್ನು ಬೆರಳಿನಿಂದ ಕದಲಿಸದೆ, ಎರಡು ಬೆರಳನ್ನು ಹತ್ತಿರ ತಂದು, ಕಲ್ಲನ್ನು ಎಳೆದು, ಬಿಟ್ಟು, ಕಳ್ಳರನ್ನು ಹಿಡಿದದ್ದೇ ಹಿಡಿದದ್ದು. ಸರಿಯಾಗಿ ಇಟ್ಟಿದ್ದೀರಿ ಎಂದು ಟ್ಯಾಬು ಹೇಳಿದಾಗಲೆಲ್ಲ ಆಚೆ ಕೋಣೆಯ ಹೊಲಿಗೆ ಯಂತ್ರ ಒಂದು ಗಳಿಗೆ ನಿಲ್ಲುತ್ತಿತ್ತು. ಆದರೆ ಕಳ್ಳನ ಮನಸ್ಸು ಹುಳ್ಳುಳ್ಳಗೆ. ಬೆರಳಿನ ಗುರುತುಗಳನ್ನು ತೆರೆದು ನೋಡಲು ಅವಳಿಗೆ ಧೈರ್ಯ ಬರಲಿಲ್ಲ. ಅಲ್ಲಿ ಎಲ್ಲಾ ಆಚೆಯೇ ಬಿದ್ದಿದ್ದರೆ? ಗೊತ್ತಾದರೆ ಮುಖದಲ್ಲಿ ಮುಚ್ಚಿಡಲು ಅವಳಿಗೆ ಬಾರದು. ಡಾಕ್ಟರಮ್ಮ ಕೇಳಿದಾಗ, "ಚೆನ್ನಾಗಿ ಆಡ್ತಿದ್ದಾರೆ" ಎಂದಷ್ಟೇ ಹೇಳಿ ತೇಲಿಸಿದಳು.

ಆರನೆಯ ವಾರ ಒಂದು ಬೆಳಿಗ್ಗೆ ಟ್ಯಾಬಿನ ದನಿ ಬರುತ್ತಲೇ ಇದ್ದರೂ ನಡುನಡುವೆ ಬಹಳ ಹೊತ್ತು ಮೌನ. ಅವಳು ಇಣುಕಿ ನೋಡಿದಳು. ಸಾಹೇಬರು ಅವಳದೇ ಇಂಚುಪಟ್ಟಿಯನ್ನು ಪರದೆಯ ಮೇಲೆ ಇಟ್ಟು ಎಡಗೈಯಲ್ಲಿ ಒತ್ತಿ ಹಿಡಿದಿದ್ದರು.

"ಬಾ ಇಲ್ಲಿ," ಎಂದರು. "ಈ ಕಲ್ಲು ಎಲ್ಲಿದೆ?"

"ತಟ್ಟೆ ಪಕ್ಕ."

"ಪಕ್ಕ ಅಲ್ಲ. ಅಂಗಡಿ ಛಾವಣಿ ಮೇಲೆ. ಎರಡೂಕಾಲು ಇಂಚು ಆಚೆ. ಬೇಕು ಅಂತಲೇ ಎಡಗೈಲಿ ಇಟ್ಟೆ. ಅದೇನು ಹೇಳ್ತು?"

ಅವಳು ಸೆರಗಿಗೆ ಚುಚ್ಚಿದ್ದ ಸೂಜಿಯನ್ನು ತೆಗೆದು ಮತ್ತೆ ಚುಚ್ಚಿಕೊಂಡಳು.

"ಸರಿಯಾಗಿ ಇಟ್ಟಿದ್ದೀರಿ ಅಂತು. ಮೂರು ದಿನದಿಂದ ಅನುಮಾನ. ಯಾವ ಮನುಷ್ಯನೂ ಇಪ್ಪತ್ತಕ್ಕೆ ಇಪ್ಪತ್ತು ದಿನಾ ಗೆಲ್ಲಲ್ಲ." ದನಿ ಏರಲಿಲ್ಲ, ಪೇಟೆಯಲ್ಲಿ ದಂಡ ಹಾಕುವಾಗಲೂ ಅವರ ದನಿ ಏರುತ್ತಿರಲಿಲ್ಲವಂತೆ. "ಊರಿನ ಕಳ್ಳ ತಕ್ಕಡಿ ಎಲ್ಲಾ ಹಿಡಿದೆ. ನೀನು ನನ್ನ ತೊಡೆ ಮೇಲೇ ಒಂದು ಇಟ್ಟೆ. ನಾನು ಗೆದ್ದದ್ದು ಒಂದೂ ನಂದಲ್ಲ."

"ನಿಮಗೋಸ್ಕರ ಸ್ವಲ್ಪ ಬಿಟ್ಟೆ ರೀ, ಅಷ್ಟೇ."

"ಅಂಗಡಿಯವರೂ ಹಾಗೇ ಹೇಳ್ತಿದ್ರು. ಹೆಂಡ್ತಿ ಮಕ್ಕಳಿಗೋಸ್ಕರ ಸ್ವಲ್ಪ, ಅಷ್ಟೇ."

ಆ ಮಾತು ಅವಳಿಗೆ ಸೂಜಿ ಉಗುರಿನೊಳಗೆ ಹೋದ ಹಾಗೆ ಚುಚ್ಚಿತು. ಟ್ಯಾಬು ಕಪಾಟಿನ ಮೇಲೆ ಬೋರಲಾಗಿ ಮಲಗಿತು. ಮೂರು ದಿನ ಮನೆಯಲ್ಲಿ ಹೂಂ ಉಹೂಂ ಬಿಟ್ಟರೆ ಮಾತಿಲ್ಲ. ಅವರು ಮತ್ತೆ ಕಿಟಕಿಯ ಕಡೆ ಕೂತರು. ಟೈಲರಮ್ಮನಿಗೆ ಮೊದಲು ಸಿಟ್ಟು ಬಂತು, ಎರಡು ವಾರ ಬಿಚ್ಚಿ ಬಿಚ್ಚಿ ಮಾಡಿಸಿದ ನನ್ನನ್ನು ಅಂಗಡಿಯವನ ಸಾಲಿಗೆ ನಿಲ್ಲಿಸಿದರಲ್ಲ ಎಂದು. ಸಿಟ್ಟು ಇಳಿದ ಮೇಲೆ ಹೆದರಿಕೆ ಉಳಿಯಿತು. ಪರೀಕ್ಷೆಗೆ ಇನ್ನು ಐದೇ ವಾರ.

ನಾಲ್ಕನೆಯ ದಿನ ಡಾಕ್ಟರಮ್ಮ ಬಂದು ಸಾಹೇಬರ ಬೆರಳನ್ನು ಹಿಂದೆ ಮುಂದೆ ಬಾಗಿಸಿದರು. ಹುಬ್ಬು ಮೇಲೇರಿತು. "ಇದು ಹೋದ ತಿಂಗಳ ಕೈ ಅಲ್ಲ. ಆ ಆಟದ ಲೆಕ್ಕ ಕೊಡಿ ನೋಡೋಣ."

"ಅದು ಸುಳ್ಳು ಲೆಕ್ಕ," ಎಂದರು ಸಾಹೇಬರು ಕಿಟಕಿಯಿಂದ ಕಣ್ಣು ತೆಗೆಯದೆ.

ಟೈಲರಮ್ಮ ಕಪಾಟಿನಿಂದ ಟ್ಯಾಬು ಇಳಿಸಿದಳು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. "ಬೆರಳು ನಿಜವಾಗಿ ಬಿಟ್ಟ ಜಾಗ ಎಲ್ಲಾ ತೋರಿಸಪ್ಪ, ನಾನು ಸಡಿಲ ಮಾಡಿಸಿದ್ದನ್ನ ಲೆಕ್ಕಕ್ಕೆ ತಗೋಬೇಡ," ಎಂದಳು. ಪರದೆಯ ಮೇಲೆ ಐದು ತಟ್ಟೆಗಳ ಚಿತ್ರ ಬಂತು, ವಾರಕ್ಕೊಂದು. ಮೊದಲ ವಾರದ ಚುಕ್ಕಿಗಳು ಕಾಳು ಚೆಲ್ಲಿದಂತೆ ಛಾವಣಿ, ಬೀದಿ, ಅಂಗಡಿಯವನ ತಲೆ ಎಂದು ಎಲ್ಲೆಂದರಲ್ಲಿ ಬಿದ್ದಿದ್ದವು. ಮೂರನೆಯ ವಾರ ಅವು ಹತ್ತಿರ ಬಂದಿದ್ದವು. ಐದನೆಯ ವಾರದಲ್ಲಿ ಅರ್ಧಕ್ಕಿಂತ ಹೆಚ್ಚು ತಟ್ಟೆಯ ಒಳಗೇ ಇದ್ದವು.

ಡಾಕ್ಟರಮ್ಮ ಅದನ್ನು ನೋಡಿ ಕನ್ನಡಕ ಸರಿಪಡಿಸಿಕೊಂಡರು. "ಸರ್, ಇದು ಸುಳ್ಳಲ್ಲ. ಇದು ನೀವು."

"ಕೊಡಿ ಇಲ್ಲಿ."

ಸಾಹೇಬರು ಟ್ಯಾಬನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದೊಂದೇ ತಟ್ಟೆಯನ್ನು ನೋಡಿದರು. ಇಂಚುಪಟ್ಟಿ ತರಿಸಿ ಅಳೆದರು. ಪುನಃ ಮೊದಲನೆಯದಕ್ಕೆ ಹೋದರು. ಡಾಕ್ಟರಮ್ಮ ಚೀಲ ಎತ್ತಿಕೊಂಡು ಹೊರಟದ್ದು ಅವರಿಗೆ ತಿಳಿಯಲೇ ಇಲ್ಲ.

"ಇದನ್ನ ಮೊದಲೇ ಯಾಕೆ ತೋರಿಸ್ಲಿಲ್ಲ?"

"ನಾನೇ ನೋಡಿರ್ಲಿಲ್ಲ. ಭಯ."

"ಮೊದಲ ವಾರ ಒಂದೂ ಬಿದ್ದಿಲ್ಲ ಒಳಗೆ."

"ಆಗ ತೋರಿಸಿದ್ರೆ ಬಿಟ್ಟುಬಿಡ್ತಿದ್ರಿ."

ಸಾಹೇಬರು ಇಂಚುಪಟ್ಟಿಯನ್ನು ಸುತ್ತಿ ಪಕ್ಕಕ್ಕಿಟ್ಟರು. ಆಮೇಲೆ, "ಹೌದು, ಬಿಡ್ತಿದ್ದೆ," ಎಂದರು.

ಅಷ್ಟು ಒಪ್ಪಿಕೊಳ್ಳಲು ಅವರಿಗೆ ಎಷ್ಟು ಕಷ್ಟವಾಯಿತೆಂದು ಅವಳಿಗೆ ಗೊತ್ತಿತ್ತು. ಅವಳು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಳು.

"ನೋಡು," ಎಂದರು ಅವರು, ಇಲಾಖೆಗೆ ಹೊಸದಾಗಿ ಬಂದವರಿಗೆ ಪಾಠ ಹೇಳುವ ದನಿಯಲ್ಲಿ. "ಲೋಕದಲ್ಲಿ ಯಾವ ತಕ್ಕಡೀನೂ ಪೂರ್ತಿ ಸರಿ ಇರಲ್ಲ. ಇಷ್ಟು ಹೆಚ್ಚುಕಡಿಮೆ ಇದ್ರೆ ಪರವಾಗಿಲ್ಲ ಅಂತ ಕಾನೂನೇ ಬಿಡುತ್ತೆ. ಬಿಡೋದು ತಪ್ಪಲ್ಲ. ಆದ್ರೆ ಎಷ್ಟು ಬಿಟ್ಟಿದೀವಿ ಅಂತ ಬರೆದಿರಬೇಕು. ಬಚ್ಚಿಟ್ರೆ ಮೋಸ, ಬರೆದಿಟ್ರೆ ನ್ಯಾಯ."

"ಬಟ್ಟೇಲಿ ಹಾಗೆ ಬರೆಯಲ್ಲ ರೀ."

"ನಾನೇನು ಪ್ಯಾಂಟಾ?"

ಅವಳಿಗೆ ನಗು ತಡೆಯಲಾಗಲಿಲ್ಲ, ಅವರಿಗೂ. ಮೂರು ದಿನದ ಮುನಿಸು ಅಲ್ಲಿಗೆ ಮುಗಿಯಿತು.

ಅವತ್ತು ಮಧ್ಯಾಹ್ನ ಸಾಹೇಬರೇ ಯಂತ್ರದೊಡನೆ ಮಾತಿಗೆ ಕೂತರು. ಅಂಗಡಿಗೆ ತಪಾಸಣೆಗೆ ಹೋದಂತೆ ಮೊದಲು ಅದನ್ನು ಗದರಿಸಿದರು. ಅದು ಮರ್ಯಾದೆಯಿಂದಲೇ ಉತ್ತರ ಕೊಟ್ಟಿತು. ಪರದೆಯ ಮೇಲುಗಡೆ ದಪ್ಪ ಅಕ್ಷರದಲ್ಲಿ 'ಬಿಟ್ಟಿರುವ ವ್ಯತ್ಯಾಸ: ಮುಕ್ಕಾಲು ಇಂಚು' ಎಂದು ಬರೆಸಿದರು. ವಾರ ವಾರ ಅದನ್ನು ಎಷ್ಟು ಇಳಿಸಬೇಕೆಂದು ಅವರೇ ಪಟ್ಟಿ ಕೊಟ್ಟರು. ತಪ್ಪಿದರೆ ತಪ್ಪಿತು ಎಂದೇ ಹೇಳಬೇಕು, ಸಮಾಧಾನದ ಮಾತು ಬೇಡ ಎಂದು ತಾಕೀತು ಮಾಡಿದರು. ಮೊದಲ ದಿನ ಇಪ್ಪತ್ತರಲ್ಲಿ ಏಳು ತಪ್ಪಿದವು. ಏಳು ಸಲವೂ ಟ್ಯಾಬು ತಪ್ಪಿತು ಎಂದಿತು, ಏಳು ಸಲವೂ ಸಾಹೇಬರು "ಹಾಗೆ ಹೇಳು" ಎಂದರು.

ಟೈಲರಮ್ಮ ಆಚೆ ಕೋಣೆಯಲ್ಲಿ ಕಿವಿಗೊಟ್ಟು ಹೊಲಿಯುತ್ತಿದ್ದಳು. ತಾನು ಮಾಡಿದ ಆಟ ಈಗ ಅರ್ಧ ಅವರದಾಗಿತ್ತು, ಅದು ಅವಳಿಗೆ ಹಿತವೆನಿಸಿತು. ಎರಡು ವಾರ ಕಳೆದ ಮೇಲೆ ಪಕ್ಕದಲ್ಲಿ ಚಿಮಟವೂ ಬಂತು. ಅವಳ ಡಬ್ಬಿಯ ಅಂಗಿ ಗುಂಡಿಗಳನ್ನು ಚಿಮಟದಲ್ಲಿ ಎತ್ತಿ ಇಡುವುದು, ದಣಿದರೆ ಆಟ, ಆಟ ಸಾಕಾದರೆ ಗುಂಡಿ. ಬಟಾಣಿಯ ಮಾತನ್ನು ಯಾರೂ ಎತ್ತಲಿಲ್ಲ.

ಪರೀಕ್ಷೆಯ ದಿನ ಅವಳು ಅವರ ಜೊತೆ ಇಲಾಖೆಗೆ ಹೋದಳು. ಒಳಗೆ ಬಿಡಲಿಲ್ಲ. ಉದ್ದನೆಯ ಓಣಿಯಂಥ ಜಾಗದಲ್ಲಿ ಒಂದು ಬೆಂಚು, ಎದುರಿಗೆ ಮುಚ್ಚಿದ ಬಾಗಿಲು. ಬಾಗಿಲಿನ ಮೇಲ್ಭಾಗದ ಮಸಕು ಗಾಜಿನಲ್ಲಿ ತಲೆಗಳ ನೆರಳು ಮಾತ್ರ ಕಾಣುತ್ತಿತ್ತು. ಒಳಗೆ ಏನೋ ಬಿದ್ದ ಸಣ್ಣ ಸದ್ದು ಕೇಳಿತು. ಅವಳು ಒಂದು ಎಂದು ಎಣಿಸಿದಳು. ಬಹಳ ಹೊತ್ತಿನ ಮೇಲೆ ಇನ್ನೊಂದು. ಎರಡು. ಆಮೇಲೆ ಫೋನು ಗಣಗಣ ಎಂದಿತು, ಯಾರೋ ಮಾತಾಡಿದರು, ಫೋನು ಇಟ್ಟರು. ಇನ್ನು ಸದ್ದಿಲ್ಲ. ಎರಡೇ ಎಂದು ಅವಳು ಉಸಿರು ಬಿಟ್ಟಳು.

ಬಾಗಿಲು ತೆರೆದು ಸಾಹೇಬರು ಬಂದರು. ಹಣೆಯ ಮೇಲೆ ಬೆವರು.

"ಮೂರು ಬಿತ್ತು," ಎಂದರು. "ಮುಂದಿನ ತಿಂಗಳು ಮತ್ತೆ ಬರಬೇಕು."

"ಎರಡೇ ಸದ್ದು ಕೇಳಿಸ್ತಲ್ಲ?"

ಹಿಂದೆಯೇ ಬಂದ ಮೇಲಧಿಕಾರಿ ಅವಳಿಗೆ ಕೈ ಮುಗಿದು, ಸಂಕೋಚದಿಂದ ಹೇಳಿದರು. "ನಾನೂ ಎರಡೇ ನೋಡಿದ್ದು ಮೇಡಂ. ಎರಡು ಅಂತಲೇ ಬರೆದಿದ್ದೆ. ನಾನು ಫೋನಲ್ಲಿ ಇದ್ದಾಗ ಒಂದು ಬಿಲ್ಲೆ ಮೇಜಿನ ಬಟ್ಟೆ ಮೇಲೆ ಬಿತ್ತಂತೆ, ಸದ್ದಾಗಿಲ್ಲ. ಸರ್ ಅವರೇ ತೋರಿಸಿ ಮೂರು ಅಂತ ತಿದ್ದಿಸಿದ್ರು. ಒಂದು ತಿಂಗಳು ರಜೆ ಜಾಸ್ತಿ ಮಾಡಿಸಿದೀನಿ. ಹದಿನೇಳು ಇಟ್ಟವರಿಗೆ ಹದಿನೆಂಟು ಕಷ್ಟ ಆಗಲ್ಲ."

ಟೈಲರಮ್ಮನಿಗೆ ಸಿಟ್ಟು ನೆತ್ತಿಗೇರಿತು. ಬಾಯಿ ಮುಚ್ಚಿಕೊಂಡು ಬಂದಿದ್ದರೆ ಯಾವ ಗಂಟು ಹೋಗುತ್ತಿತ್ತು? ಆರು ತಿಂಗಳ ಅನ್ನ, ನಿದ್ದೆ, ಹನ್ನೊಂದು ಸಲ ಬಿಚ್ಚಿಸಿದ ಆಟ, ಎಲ್ಲಾ ಒಂದು ಬಿಲ್ಲೆಗೆ. ಹೇಳಬೇಕೆಂದು ಅವರ ಮುಖ ನೋಡಿದಳು. ಬೆವರಿದ್ದರೂ ಆ ಮುಖ ಪೇಟೆಯಿಂದ ಮನೆಗೆ ಬರುತ್ತಿದ್ದ ಮುಖವಾಗಿತ್ತು. ಹಠಮಾರಿ, ಯಾವುದಕ್ಕೂ ಕೂದಲೆಳೆಯಷ್ಟೂ ಬಿಡದ, ಅವಳಿಗೆ ತಲೆನೋವು ತಂದಿದ್ದ ಮುಖ. ಕಿಟಕಿಯ ಪಕ್ಕ ಸುಮ್ಮನೆ ಕೂರುತ್ತಿದ್ದ ಗಂಡಸು ಎಲ್ಲೂ ಕಾಣಲಿಲ್ಲ. ಬೆರಳು ಮುಂದಿನ ತಿಂಗಳು ಬರುತ್ತದೆ, ಮನುಷ್ಯ ಇವತ್ತೇ ಬಂದರು. ಅಷ್ಟು ತಿಳಿದಾಗ ಅವಳ ಸಿಟ್ಟೆಲ್ಲ ಕರಗಿ, ಯಾರಿಗೆ ಕೈ ಮುಗಿಯಲಿ ಎಂದು ತೋಚದೆ, ಎದುರಿಗಿದ್ದ ಮೇಲಧಿಕಾರಿಗೇ ಮುಗಿದಳು.

"ಇನ್ನೊಂದು ಮಾತು ಮೇಡಂ," ಎಂದು ಅವರು ಕೈಯಲ್ಲಿದ್ದ ರಜೆಯ ಅರ್ಜಿ ಮುಂದೆ ಹಿಡಿದರು. "ಇಲ್ಲಿ ಚಿಕಿತ್ಸೆ ಕೊಟ್ಟವರ ವಿವರ ಅಂತಿದೆ. ಸರ್ ಹೀಗೆ ಬರೆದಿದ್ದಾರೆ. ಇದನ್ನ ಹೀಗೇ ಕಳಿಸ್ಲಾ ಅಂತ ಕೇಳಿದೆ. ಕಳಿಸಿ ಅಂದ್ರು."

ಮೊದಲ ಸಾಲಿನಲ್ಲಿ ಆಸ್ಪತ್ರೆಯ ಹೆಸರು, ಎರಡನೆಯದರಲ್ಲಿ ವ್ಯಾಯಾಮದ ಡಾಕ್ಟರಮ್ಮನದು. ಮೂರನೆಯ ಸಾಲಿನ ಅಕ್ಷರಗಳು ಒಂದನೇ ಕ್ಲಾಸಿನ ಮಗು ಬರೆದಂತೆ ದೊಡ್ಡದಾಗಿ, ಗೆರೆ ಬಿಟ್ಟು ಕೆಳಗೆ ಇಳಿದಿದ್ದವು. ಬಲಗೈಯಲ್ಲೇ ಬರೆದದ್ದು. 'ನನ್ನ ಹೆಂಡತಿ. ಟೈಲರ್. ನನಗಾಗಿ ಒಂದು ಆಟ ಮಾಡಿದಳು. ಅವಳು ಮಾಡದಿದ್ದರೆ ನಾನು ಇಲ್ಲಿಗೆ ಬರುತ್ತಿರಲಿಲ್ಲ.'

ಅವಳು ಅದನ್ನು ಮೂರು ಸಲ ಓದಿದಳು. ಮದುವೆಯಾದಂದಿನಿಂದ ಅವರು ಅವಳಿಗೆ ಉಪಕಾರವಾಯಿತು ಎಂದದ್ದಿಲ್ಲ, ಅವಳು ಕಾದದ್ದೂ ಇಲ್ಲ. ಮನೆಯವರಿಗೆ ಯಾರು ಹಾಗೆಲ್ಲ ಹೇಳುತ್ತಾರೆ? ಕಾಗದವನ್ನು ಮಡಿಕೆ ಬೀಳದಂತೆ ಹಿಡಿದು ವಾಪಸ್ಸು ಕೊಟ್ಟಳು.

"ಅಕ್ಷರ ಸೊಟ್ಟ ಆಗಿದೆ," ಎಂದರು ಸಾಹೇಬರು ಎತ್ತಲೋ ನೋಡುತ್ತಾ.

"ಓದೋಕಾಗುತ್ತೆ ಬಿಡಿ," ಎಂದಳು.

ಮೆಟ್ಟಿಲು ಇಳಿಯುವಾಗ ಅವರು ಅವಳ ತೋಳನ್ನು ಬಲಗೈಯಲ್ಲಿ ಹಿಡಿದುಕೊಂಡರು. ಹೆಬ್ಬೆರಳು ಒಂದು ಕಡೆ, ತೋರುಬೆರಳು ಇನ್ನೊಂದು ಕಡೆ, ನಡುವೆ ಅವಳ ತೋಳು. ನಾಲ್ಕು ಮೆಟ್ಟಿಲು ಇಳಿಯುವಷ್ಟರಲ್ಲಿ ಹಿಡಿತ ಬಿಗಿಯಾಯಿತು.

"ನೋಯ್ತಿದೆ ರೀ," ಎಂದಳು ಟೈಲರಮ್ಮ. ಅಷ್ಟು ಸಂತೋಷದಿಂದ ಆ ಮಾತನ್ನು ಅವಳು ಹಿಂದೆಂದೂ ಹೇಳಿರಲಿಲ್ಲ.